ಗೃಹ ಗಣಕಯಂತ್ರಕ್ಕೆ ಯುಪಿಎಸ್ ಆಯ್ಕೆ

ಯುಪಿಎಸ್ ಅಥವಾ ತಡೆರಹಿತ ವಿದ್ಯುತ್ ಪೂರೈಕೆ ಸಾಧನವು, ಮನೆಗೆ ಬರುವ ವಿದ್ಯುತ್ತು ನಿಂತಾಗ ತನ್ನೊಳಗಿನ ಬ್ಯಾಟರಿಯ ಶಕ್ತಿಯಿಂದ ಗಣಕಯಂತ್ರವನ್ನು ಕೆಲಕಾಲ ನಡೆಸುವ ಉಪಕರಣ. ಮೇಜಿನ ಮೇಲಿಡುವ ಗಣಕಯಂತ್ರಗಳಿಗೆ ಇದು ಅಗತ್ಯ. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಅಂತರ್ಗತವಾಗಿರುವುದರಿಂದ ಅದಕ್ಕೆ ಪ್ರತ್ಯೇಕ ಯುಪಿಎಸ್ ಬೇಕಿಲ್ಲ. ಅಂತರಜಾಲದ ರೌಟರ್‌ಗೆ ಮಾತ್ರ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಒಂದಿದ್ದರೆ ಸಾಕು.

ಉದ್ದೇಶ

ಗಣಕಯಂತ್ರದಲ್ಲಿ ಬರೆಯುತ್ತಿರುವ ಬರಹವು ಉಳಿಸುವವರೆಗೆ ತಾತ್ಕಾಲಿಕ ಸ್ಮೃತಿಯಲ್ಲಿರುತ್ತದೆ. ವಿದ್ಯುತ್ತು ಹೋದ ಕ್ಷಣದಲ್ಲಿ ಅದೆಲ್ಲವೂ ಅಳಿಯುತ್ತದೆ. ಆ ಹೊತ್ತಿಗೆ ಡಿಸ್ಕಿನ ಮೇಲೆ ಏನಾದರೂ ಬರೆಯಲ್ಪಡುತ್ತಿದ್ದರೆ ಕಡತವೇ ಕೆಡಬಹುದು. ಕಾರ್ಯಾಚರಣ ವ್ಯವಸ್ಥೆಯನ್ನು ನವೀಕರಿಸುವಾಗ ಹೀಗಾದರೆ ಯಂತ್ರ ಮತ್ತೆ ಚಾಲೂ ಆಗದಿರುವುದೂ ಉಂಟು. ನಮ್ಮಲ್ಲಿ 'ಕರೆಂಟು ಹೋಯಿತು' ಎನ್ನುವಷ್ಟೇ ಸಹಜವಾಗಿ 'ಕರೆಂಟು ತೆಗೆದರು' ಎನ್ನುತ್ತಾರೆ. ಯಾರು ತೆಗೆದರೂ ನಷ್ಟ ಬರೆಯುತ್ತಿದ್ದವರದೇ. ಯುಪಿಎಸ್ ಕೊಡುವ ಹತ್ತು-ಹದಿನೈದು ನಿಮಿಷಗಳು ಕಡತವನ್ನು ಉಳಿಸಿ, ಯಂತ್ರವನ್ನು ಕ್ರಮವಾಗಿ ಮುಚ್ಚುವುದಕ್ಕೆ. ಗಂಟೆಗಟ್ಟಲೆ ಕೆಲಸ ಮುಂದುವರಿಸಬೇಕೆನ್ನುವವರು ಇನ್ವರ್ಟರಿನತ್ತ ನೋಡಬೇಕು.

ವಿಧಗಳು

ಮಾರುಕಟ್ಟೆಯಲ್ಲಿ ಮೂರು ಬಗೆಯವು ದೊರೆಯುತ್ತವೆ. ಆಫ್‌ಲೈನ್ ಯುಪಿಎಸ್ ಸಾಮಾನ್ಯ ಸಮಯದಲ್ಲಿ ಹೊರಗಿನ ವಿದ್ಯುತ್ತನ್ನು ಇದ್ದಂತೆಯೇ ದಾಟಿಸಿ, ಅದು ನಿಂತಾಗ ಮಾತ್ರ ಬ್ಯಾಟರಿಗೆ ಬದಲಾಗುತ್ತದೆ. ಲೈನ್ ಇಂಟರಾಕ್ಟಿವ್ ಬಗೆಯಲ್ಲಿ ಇದರ ಜೊತೆಗೆ ವೋಲ್ಟೇಜನ್ನು ಏರಿಸುವ, ಇಳಿಸುವ ಪರಿವರ್ತಕವೂ ಇರುತ್ತದೆ. ಆನ್‌ಲೈನ್ ಯುಪಿಎಸ್ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಯೂ ಅದನ್ನು ಪುನಃ ಪರ್ಯಾಯ ವಿದ್ಯುತ್ತಾಗಿಯೂ ಸದಾ ಪರಿವರ್ತಿಸುತ್ತಿರುವುದರಿಂದ ಅದರಲ್ಲಿ ಬದಲಾವಣೆಯ ವಿರಾಮವೇ ಇಲ್ಲ. ಆದರೆ ಬೆಲೆ ಹೆಚ್ಚು, ಬಿಸಿ ಹೆಚ್ಚು, ಫ್ಯಾನಿನ ಸದ್ದೂ ಇರುತ್ತದೆ. ಮನೆಗೆ ಅದು ಅನಗತ್ಯ.

ಭಾರತದಲ್ಲಿ ಮನೆಗಳಿಗೆ ದೊರೆಯುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಇದು ಕಾಗದದ ಮೇಲಿನ ಲೆಕ್ಕ. ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲೂ ಆಗುವ ಊರುಗಳಲ್ಲಿ ವೋಲ್ಟೇಜು ಬಹಳ ಕೆಳಗಿಳಿಯುವುದು ಸಾಮಾನ್ಯ. ಇಂಥಲ್ಲಿ ಆಫ್‌ಲೈನ್ ಯುಪಿಎಸ್ ಪದೇ ಪದೇ ಬ್ಯಾಟರಿಗೆ ಹೊರಳಿ, ನಿಜವಾಗಿ ವಿದ್ಯುತ್ತು ಹೋಗುವ ಹೊತ್ತಿಗೆ ಬರಿದಾಗಿರುತ್ತದೆ. ಲೈನ್ ಇಂಟರಾಕ್ಟಿವ್ ಮಾದರಿಗಳಲ್ಲಿ ಹಲವು ಸುಮಾರು 145ರಿಂದ 290 ವೋಲ್ಟ್‌ವರೆಗಿನ ಏರಿಳಿತವನ್ನು ಬ್ಯಾಟರಿ ಬಳಸದೆಯೇ ನಿಭಾಯಿಸುತ್ತವೆ. ಆದ್ದರಿಂದ ನಮ್ಮ ಮನೆಗಳಿಗೆ ಈ ಬಗೆಯೇ ಸೂಕ್ತ. ಬ್ಯಾಟರಿಗೆ ಬದಲಾಗಲು ಇದಕ್ಕೆ ಹಿಡಿಯುವ ಕೆಲವು ಮಿಲಿಸೆಕೆಂಡುಗಳ ಅಂತರವು ತೊಂದರೆ ಕೊಡದು. ಗಣಕಯಂತ್ರದ ಎಸ್‌ಎಂಪಿಎಸ್‌ನಲ್ಲಿರುವ ಕೆಪಾಸಿಟರುಗಳು ಪೂರ್ಣ ಹೊರೆಯಲ್ಲೂ ಸುಮಾರು 16 ಮಿಲಿಸೆಕೆಂಡು ತಾಳುವಂತೆ ರಚಿತವಾಗಿರುತ್ತವೆ. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ ಈ ತಾಳಿಕೆ ಕುಗ್ಗಿರಬಹುದು. ಯುಪಿಎಸ್ ಸರಿಯಿದ್ದರೂ ಯಂತ್ರ ಆರಿ ಹೊತ್ತಿಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ವಿಎ ಮತ್ತು ವಾಟ್

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸುವ ಸಂಖ್ಯೆ ವೋಲ್ಟ್-ಆಂಪಿಯರ್, ಅಂದರೆ ವಿಎ. ಗ್ರಾಹಕನಿಗೆ ಬೇಕಾದದ್ದು ವಾಟ್. ವಿಎಯನ್ನು ಪವರ್ ಫ್ಯಾಕ್ಟರಿನಿಂದ ಗುಣಿಸಿದರೆ ವಾಟ್ ದೊರೆಯುತ್ತದೆ. ಗೃಹಬಳಕೆಯ ಯುಪಿಎಸ್‌ಗಳಲ್ಲಿ ಇದು ಸಾಮಾನ್ಯವಾಗಿ 0.6. ಹೀಗಾಗಿ 600 ವಿಎ ಎಂದು ಮಾರುವ ಯುಪಿಎಸ್ ಹೊರಬಲ್ಲದ್ದು 360 ವಾಟ್ ಮಾತ್ರ. ಅಂಗಡಿಯವರು ಈ ವ್ಯತ್ಯಾಸವನ್ನು ತಾವಾಗಿ ಹೇಳುವುದು ಅಪರೂಪ. ಪೆಟ್ಟಿಗೆಯ ಹಿಂಬದಿಯ ಸಣ್ಣಕ್ಷರವನ್ನು ಓದಿಕೊಳ್ಳಬೇಕು.

ಬರವಣಿಗೆ, ಪಾಠ, ಅಂತರಜಾಲಕ್ಕೆ ಬಳಸುವ ಸಾಧಾರಣ ಗಣಕಯಂತ್ರ, 22 ಅಂಗುಲದ ಎಲ್‌ಇಡಿ ಪರದೆ ಹಾಗೂ ರೌಟರ್ ಸೇರಿ ಸುಮಾರು 120 ವಾಟ್ ಬೇಡುತ್ತವೆ ಎಂದಿಟ್ಟುಕೊಂಡರೆ, 600 ವಿಎ ಧಾರಾಳವಾಗಿ ಸಾಕು. ಆಟಗಳಿಗಾಗಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಅದೊಂದೇ 200 ವಾಟ್ ಮೀರಬಹುದು. ಆಗ 1000 ವಿಎ ಅಥವಾ ಮೇಲ್ಪಟ್ಟದ್ದು ಬೇಕು. ಒಟ್ಟು ಹೊರೆಯು ಯುಪಿಎಸ್‌ನ ವಾಟ್ ಸಾಮರ್ಥ್ಯದ ಮೂರನೆಯ ಎರಡು ಪಾಲನ್ನು ದಾಟದಿರುವುದು ಒಳ್ಳೆಯದು. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಜೋಡಿಸಲೇಬಾರದು. ಅದರೊಳಗಿನ ಶಾಖದ ಉರುಳೆ ಕಾಯುವಾಗ ಹಲವು ನೂರು ವಾಟ್‌ಗಳನ್ನು ಒಮ್ಮೆಗೇ ಎಳೆಯುತ್ತದೆ.

ಬ್ಯಾಟರಿ

600 ವಿಎ ಯುಪಿಎಸ್‌ನೊಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಗಂಟೆಯ ಮುಚ್ಚಿದ ಸೀಸ-ಆಮ್ಲ ಬ್ಯಾಟರಿ. ಗುಣಿಸಿದರೆ 84 ವಾಟ್-ಗಂಟೆ. 120 ವಾಟ್ ಹೊರೆಗೆ ಇದು ನಲವತ್ತು ನಿಮಿಷ ಬರಬೇಕಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಬರುವುದಿಲ್ಲ. ಆ 7 ಆಂಪಿಯರ್-ಗಂಟೆ ಎಂಬುದು 20 ಗಂಟೆಗಳ ಕಾಲ ನಿಧಾನವಾಗಿ ಬಳಸಿದಾಗಿನ ಅಳತೆ. ವೇಗವಾಗಿ ಎಳೆದಷ್ಟೂ ಸೀಸ-ಆಮ್ಲ ಬ್ಯಾಟರಿ ಕೊಡುವ ಒಟ್ಟು ಶಕ್ತಿ ಕಡಿಮೆಯಾಗುತ್ತದೆ. ಪರಿವರ್ತನೆಯಲ್ಲೂ ಒಂದಿಷ್ಟು ಸೋರುತ್ತದೆ. ಹೊಸ ಬ್ಯಾಟರಿಯಿಂದ ಹದಿನೈದು-ಇಪ್ಪತ್ತು ನಿಮಿಷ ನಿರೀಕ್ಷಿಸುವುದು ನ್ಯಾಯ. ಹೊರೆ ಇಮ್ಮಡಿಯಾದರೆ ಅವಧಿ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ.

ಬ್ಯಾಟರಿಯ ಶತ್ರು ಸೆಕೆ. 25 ಡಿಗ್ರಿ ಸೆಲ್ಸಿಯಸ್‌ನಿಂದಾಚೆಗೆ ಪ್ರತಿ 10 ಡಿಗ್ರಿ ಏರಿಕೆಗೆ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆಂಬುದು ತಂತ್ರಜ್ಞರ ಲೆಕ್ಕ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಯುಪಿಎಸ್ಸನ್ನು ಮೇಜಿನ ಕೆಳಗಿನ ಗಾಳಿಯಾಡದ ಮೂಲೆಗೆ ತಳ್ಳುವುದು ಬ್ಯಾಟರಿಯನ್ನು ಬೇಗ ಮುಗಿಸುವ ದಾರಿ. ಎರಡು-ಮೂರು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕಾಗುವುದರಿಂದ, ಕೊಳ್ಳುವ ಮುನ್ನ ಬದಲಿ ಬ್ಯಾಟರಿ ಊರಿನಲ್ಲೇ ಸಿಗುವುದೇ ಎಂದು ವಿಚಾರಿಸಬೇಕು. ರಜೆಯಲ್ಲಿ ಮನೆ ಮುಚ್ಚಿ ಹೋಗುವವರು ಪೂರ್ಣ ಚಾರ್ಜು ಮಾಡಿ, ಸ್ವಿಚ್ಚು ಆರಿಸಿ ಇಡುವುದು ಕ್ಷೇಮ.

ಇತರ ಅಂಶಗಳು

ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಲ್ಲಿ ನಡೆಯುವಾಗ ಶುದ್ಧ ಸೈನ್ ತರಂಗದ ಬದಲು ಮೆಟ್ಟಿಲಾಕಾರದ ತರಂಗವನ್ನು ಕೊಡುತ್ತವೆ. ಸಾಧಾರಣ ಎಸ್‌ಎಂಪಿಎಸ್ ಇದನ್ನು ಸಹಿಸುತ್ತದೆ. ಆಕ್ಟಿವ್ ಪಿಎಫ್‌ಸಿ ಇರುವ ಉತ್ತಮ ದರ್ಜೆಯವುಗಳಲ್ಲಿ ಕೆಲವು ಮಾತ್ರ ತಕರಾರು ಮಾಡುತ್ತವೆ. ಅವುಗಳಿಗೆ ಶುದ್ಧ ಸೈನ್ ತರಂಗದ ಯುಪಿಎಸ್ ಬೇಕು.

ಮನೆಯಲ್ಲಿ ಈಗಾಗಲೇ ಸೈನ್ ತರಂಗದ ಇನ್ವರ್ಟರ್ ಇದ್ದರೆ ಅದರ ಹಿಂಬದಿಯಲ್ಲಿ 'ಯುಪಿಎಸ್' ಎಂಬ ಸ್ವಿಚ್ಚಿದೆಯೇ ನೋಡಬೇಕು. ಅದನ್ನು ಒತ್ತಿದರೆ ಇನ್ವರ್ಟರ್ ಬೇಗ ಬದಲಾಗುತ್ತದೆ, ಬೇರೆ ಯುಪಿಎಸ್ ಕೊಳ್ಳುವ ಖರ್ಚು ಉಳಿಯುತ್ತದೆ. ವೋಲ್ಟೇಜು ಕಡಿಮೆಯಿರುವ ಊರಿನಲ್ಲಿ ಈ ಸ್ಥಿತಿಯಲ್ಲಿ ಬ್ಯಾಟರಿಯ ಬಳಕೆ ಹೆಚ್ಚಾಗುವುದನ್ನೂ ಗಮನದಲ್ಲಿಡಬೇಕು.

ಯುಎಸ್‌ಬಿ ತಂತಿಯಿಂದ ಗಣಕಯಂತ್ರಕ್ಕೆ ಸಂದೇಶ ಕಳಿಸುವ ಮಾದರಿಗಳು, ಯಾರೂ ಇಲ್ಲದ ವೇಳೆ ಯಂತ್ರವನ್ನು ತಾನಾಗಿ ಮುಚ್ಚಿಸಬಲ್ಲವು. ಸಿಡಿಲಿಗೆ ಯುಪಿಎಸ್ ಪೂರ್ಣ ರಕ್ಷಣೆಯಲ್ಲ. ಮುಂಗಾರಿನ ಮುನ್ನಿನ ಗುಡುಗುಮಳೆಯ ಸಂಜೆಗಳಲ್ಲಿ, ಸಿಡಿಲು ಸಮೀಪಿಸುವ ಮೊದಲೇ ಪ್ಲಗ್ಗನ್ನೂ ರೌಟರಿನ ತಂತಿಯನ್ನೂ ಕಿತ್ತಿಡುವುದೇ ಉಪಾಯ. ಮೂರು ಪಿನ್ನಿನ ಪ್ಲಗ್ಗಿಗೆ ಸರಿಯಾದ ಅರ್ತಿಂಗ್ ಇಲ್ಲದಿದ್ದರೆ ಯಾವ ಬೆಲೆಯ ಸಾಧನವೂ ಸುರಕ್ಷಿತವಲ್ಲ.

ಭಾರತದಲ್ಲಿ 10 ಕಿಲೋ ವಿಎವರೆಗಿನ ಯುಪಿಎಸ್‌ಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಮೈಮೇಲಿನ ಬಿಐಎಸ್ ಗುರುತನ್ನೂ ನೋಂದಣಿ ಸಂಖ್ಯೆಯನ್ನೂ ನೋಡಿ ಕೊಳ್ಳಬೇಕು. ಸೀಸವು ವಿಷಕಾರಿಯಾದ್ದರಿಂದ ಹಳೆಯ ಬ್ಯಾಟರಿಯನ್ನು ಕಸಕ್ಕೆ ಎಸೆಯುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮನೆಯ ಇತರ ಕಸದಿಂದ ಬೇರೆಯಾಗಿರಿಸಿ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿದವರಿಗೆ ಒಪ್ಪಿಸಬೇಕು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಮರಳಿಸಿದರೆ ಅಂಗಡಿಗಳಲ್ಲಿ ಬೆಲೆಯಲ್ಲಿ ಸ್ವಲ್ಪ ಕಡಿತವೂ ದೊರೆಯುತ್ತದೆ.