ಬಯಲಲ್ಲಿ ನಿಂತ ದಫ್ತರ

ಜರ್ಮನಿಯ ದೊಡ್ಡ ಊರುಗಳಿಗೆ ತಮ್ಮದೇ ದಾಖಲೆಮನೆ ಇರುತ್ತದೆ. ಅದನ್ನು ಕಾಯಲು, ಅದರಿಂದ ಊರಿನ ಚರಿತ್ರೆ ಬರೆಯಲು ನಗರಸಭೆಯೇ ಸಂಬಳ ಕೊಟ್ಟು ವಿದ್ವಾಂಸರನ್ನು ಇಟ್ಟುಕೊಳ್ಳುತ್ತದೆ. 2009ರ ಮಾರ್ಚ್‌ನಲ್ಲಿ ಕಲೋನ್ ನಗರದ ದಾಖಲೆಮನೆ ಕುಸಿದುಬಿದ್ದಾಗ ಮಣ್ಣಿನಡಿಯಿಂದ ಹಾಳೆ ಹಾಳೆ ಹೆಕ್ಕಿ ಉಳಿಸಿಕೊಂಡರು. ನಮ್ಮ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳೆಯ ದಫ್ತರಕ್ಕೆ ಚಾವಣಿಯೇ ಇಲ್ಲ. ಅದು ಹೊಲದ ಬದುವಿನಲ್ಲಿದೆ, ಗುಡಿಯ ಗೋಡೆಯಲ್ಲಿದೆ, ಹನುಮಪ್ಪನ ಕಟ್ಟೆಯ ಪಕ್ಕ ವಾಲಿ ನಿಂತ ಕಲ್ಲಿನಲ್ಲಿದೆ.

ಆ ದಫ್ತರವನ್ನು ತೆರೆದು ಓದಿದವರಲ್ಲಿ ಮೊದಲು ನೆನೆಯಬೇಕಾದವರು ಶಾಸನತಜ್ಞ ಪಿ.ಬಿ. ದೇಸಾಯಿ. ಅವರು ದುಡಿದ ಶಾಸನ ಇಲಾಖೆಗೆ ಒಬ್ಬ ಜರ್ಮನ್ ಪೂರ್ವಜನೂ ಇದ್ದಾನೆ. ಡ್ರೆಸ್ಡೆನ್‌ನಲ್ಲಿ ಹುಟ್ಟಿದ ಯೂಜೆನ್ ಹುಲ್ಟ್ಸ್ 1886ರಲ್ಲಿ ಮದ್ರಾಸ್ ಸರಕಾರದ ಶಾಸನತಜ್ಞನಾಗಿ ಬಂದ. ದಕ್ಷಿಣ ಭಾರತದ ಶಾಸನಗಳ ಮೊದಲ ಸಂಪುಟವನ್ನು 1890ರಲ್ಲಿ ಹೊರತಂದ. 1903ರಲ್ಲಿ ಜರ್ಮನಿಗೆ ಮರಳಿ ಹಾಲೆ ವಿಶ್ವವಿದ್ಯಾಲಯ ಸೇರಿದ. ಅವನು ಕಟ್ಟಿದ ಶಿಸ್ತು ಇಲ್ಲೇ ಉಳಿಯಿತು. ಕಲ್ಲನ್ನು ತೊಳೆದು, ಒದ್ದೆ ಹಾಳೆ ಹೊದಿಸಿ, ಅಕ್ಷರದ ಗುಳಿಗಿಳಿಯುವಂತೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯಬೇಕು. ಓದುವ ಕೆಲಸ ಶುರುವಾಗುವುದು ಅದಾದ ಮೇಲೆ.

ಆದರೆ ಕಲಬುರಗಿ ಸೀಮೆ ಮದ್ರಾಸಿನದಲ್ಲ, ನಿಜಾಮರದು. ಹೈದರಾಬಾದ್ ಸಂಸ್ಥಾನ ತನ್ನದೇ ಪುರಾತತ್ವ ಇಲಾಖೆ ತೆರೆದದ್ದು 1914ರಲ್ಲಿ, ಗುಲಾಂ ಯಜ್ದಾನಿಯವರ ಕೈಯಲ್ಲಿ. ಮರುವರ್ಷವೇ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರು ಸಿಕ್ಕಿತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿದರು. ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕ ಅದೇ. 1928ರಲ್ಲಿ ಚಿತ್ತಾಪುರದ ಪಕ್ಕದ ನಾಗಾವಿಯ ಶಾಸನಗಳು ಬಂದವು.

ಉದಕಮಂಡಲದ ಶಾಸನ ಕಚೇರಿಯಲ್ಲಿದ್ದ ದೇಸಾಯಿಯವರು ಈ ಸೀಮೆಯನ್ನು ಮನಸ್ಸಿಟ್ಟು ಕೈಗೆತ್ತಿಕೊಂಡರು. 1957ರಲ್ಲಿ ಆಳಂದದ ನೆರೆಯ ಸೊಲ್ಲಾಪುರದಿಂದ ಅವರ ದಕ್ಷಿಣ ಭಾರತದ ಜೈನಧರ್ಮದ ಗ್ರಂಥ ಹೊರಬಂತು. ಅದರ ಅರ್ಧ ಜೀವ ಕಲಬುರಗಿ, ರಾಯಚೂರು, ಕೊಪ್ಪಳ ಕಡೆಯ ಕನ್ನಡ ಶಾಸನಗಳು. ಇಂಗಳಗಿಯ 1094ರ ಕಲ್ಲನ್ನೇ ನೋಡಿ: ಆರನೆಯ ವಿಕ್ರಮಾದಿತ್ಯನ ರಾಣಿ ಜಕ್ಕಲದೇವಿ ಆ ಊರನ್ನು ಆಳುತ್ತಿದ್ದಳು. ವ್ಯಾಪಾರಿಯೊಬ್ಬ ತಂದ ಜಿನಬಿಂಬವನ್ನು ಅಲ್ಲಿ ಪ್ರತಿಷ್ಠೆ ಮಾಡಿಸಿದಳು. ಬಸದಿಯೂ ಬಾಳೂ ಹೋದ ಮೇಲೆ ಆ ಹೆಣ್ಣಿನ ಹೆಸರನ್ನು ಉಳಿಸಿದ್ದು ಒಂದು ಕಲ್ಲು, ಅದನ್ನು ಓದಿದ ಒಬ್ಬ ಮನುಷ್ಯ. ಇಂದು ತಾಲೂಕು ಕೇಂದ್ರವೆಂದಷ್ಟೇ ಎಣಿಸುವ ಆಳಂದ ಚಾಲುಕ್ಯರ ಕಾಲಕ್ಕೆ ಅಳಂದೆ ಸಾಸಿರವೆಂಬ ನಾಡಿನ ತಲೆಯೂರು ಎಂಬುದನ್ನೂ ಹೇಳುವುದು ಶಾಸನಗಳೇ.

1958ರಲ್ಲಿ ಅದೇ ಹೈದರಾಬಾದ್ ಮಾಲೆಯ 18ನೆಯ ಪುಸ್ತಕವಾಗಿ ದೇಸಾಯಿಯವರು ಸಂಪಾದಿಸಿದ, ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನ ಸಂಪುಟ ಪ್ರಕಟವಾಯಿತು. ಅಷ್ಟರಲ್ಲಿ ಆ ರಾಜ್ಯವೇ ಇರಲಿಲ್ಲ. 1956ರ ನವೆಂಬರ್ 1ರಂದು ಕಲಬುರಗಿ ಮೈಸೂರಿಗೆ ಸೇರಿತ್ತು. ದೇಸಾಯಿಯವರು ಮುಂದೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯನ್ನು ನಡೆಸಿದರು. 1970ರಲ್ಲಿ ಅವರ ಸಂಪಾದಕತ್ವದಲ್ಲಿ ಬಂದ ಕರ್ನಾಟಕದ ಇತಿಹಾಸ ಒಂದು ತಲೆಮಾರಿನ ವಿದ್ಯಾರ್ಥಿಗಳ ಕೈಪಿಡಿ.

ಬಯಲಿನ ದಫ್ತರಕ್ಕೆ ಏನಾಗುತ್ತದೆ ಎನ್ನುವುದಕ್ಕೆ ಜೇವರ್ಗಿಯ ನೆರೆಯಲ್ಲೇ, ಭೀಮೆಯ ದಂಡೆಯ ಸನ್ನತಿಯಲ್ಲಿ, ಸಾಕ್ಷಿ ಇದೆ. ಸಂಶೋಧಕ ಕಪಟರಾಳ ಕೃಷ್ಣರಾಯರು 1954ರಲ್ಲೇ ಅಲ್ಲಿನ ಬೌದ್ಧ ಅವಶೇಷಗಳತ್ತ ಕೈ ತೋರಿದ್ದರು. ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಬಿತ್ತು. ಆಮೇಲೆ ಪೀಠದ ಕಲ್ಲು ಎತ್ತಿದರೆ ಅದರ ಮೇಲೆ ಅಶೋಕನ ಆಜ್ಞೆ! ಮೂರ್ತಿ ನಿಲ್ಲಿಸಲು ಯಾರೋ ಆ ಬರವಣಿಗೆಯ ನಡುವೆಯೇ ತೂತು ಕೊರೆದಿದ್ದರು. ಅಷ್ಟು ಅಕ್ಷರ ಇನ್ನು ಮರಳಿ ಬಾರವು.

ಕನ್ನಡದ ಕಲ್ಲೊಂದನ್ನೇ ಓದಿದರೆ ಈ ಮೂರು ತಾಲೂಕುಗಳ ಕತೆ ಮುಗಿಯುವುದೂ ಇಲ್ಲ. ಅಫಜಲಪುರ ತಾಲೂಕಿನ ಗಾಣಗಾಪುರದ ನೃಸಿಂಹ ಸರಸ್ವತಿಗಳ ಚರಿತ್ರೆ ಇರುವುದು ಮರಾಠಿಯ 'ಗುರುಚರಿತ್ರೆ'ಯಲ್ಲಿ. ಜೇವರ್ಗಿಯ ಷಣ್ಮುಖ ಶಿವಯೋಗಿಗಳ ಮಾತು ಕನ್ನಡ ವಚನಗಳಲ್ಲಿ. ನಿಜಾಮರ ಆಡಳಿತದ ಕಾಗದ ಮೊದಲು ಫಾರಸಿ, ಆಮೇಲೆ ಉರ್ದು. ಅಲ್ಲಿ ಜೇವರ್ಗಿ ತಾಲೂಕನ್ನು ಹುಡುಕುವವರು ಆಂದೋಲಾ ಎಂಬ ಹೆಸರನ್ನೂ ಹುಡುಕಬೇಕು. ಕುಲಕರ್ಣಿ ಮನೆತನಗಳು ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದದ ರುಮಾಲುಗಳಲ್ಲಿ ಮರಾಠಿಯ ಮೋಡಿ ಲಿಪಿ ಇದೆ.

ಶಾಸನದ ಪಾಲಿನ ಕೆಲಸವನ್ನು ಹನುಮಾಕ್ಷಿ ಗೋಗಿಯವರು ಮುಂದುವರಿಸಿ, ಕಲಬುರಗಿ ಜಿಲ್ಲೆಯ ಶಾಸನಗಳನ್ನು ಕನ್ನಡದಲ್ಲೇ ಪುಸ್ತಕವಾಗಿಸಿದರು. ಉರ್ದು ಮತ್ತು ಮೋಡಿ ಕಾಗದಗಳಿಗೂ ಅಂಥ ಕೈ ಬೇಕು. ಆಳಂದ, ಜೇವರ್ಗಿಯ ಕಾಲೇಜುಗಳಲ್ಲಿ ಇತಿಹಾಸ ಓದುವ ಹುಡುಗ ಹುಡುಗಿಯರು ಆ ಲಿಪಿಗಳನ್ನು ಈಗಲೇ ಕಲಿತರೆ, ಮನೆ ಕೆಡವುವಾಗ ತಿಪ್ಪೆಗೆ ಹೋಗುವ ರುಮಾಲುಗಳಲ್ಲಿ ಕೆಲವಾದರೂ ಓದುವವರ ಕೈಗೆ ಸಿಕ್ಕಾವು.