ಎಲ್ಲರ ಮಾತೂ ಬಾಯಿಪಾಠವಿದ್ದವರು

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಶಾಲೆಗೆ ನೂರು ವರ್ಷ ತುಂಬಿದರೆ ಒಂದು ಸ್ಮರಣ ಸಂಚಿಕೆ ಬರುತ್ತದೆ. ಶಾಲಾ ರಂಗಭೂಮಿಯ ಮೇಲೆ ಪಿಎಚ್‌ಡಿ ಮಾಡುತ್ತಿರುವ ನನಗೆ ಇವೇ ದೊಡ್ಡ ಆಕರ. ಗ್ಯಾದರಿಂಗಿನ ನಾಟಕದ ನೆನಪಿಲ್ಲದ ಸಂಚಿಕೆ ಅಪರೂಪ. ಆದರೆ ಬರೆದವರೆಲ್ಲ ರಾಜನೋ ರಾವಣನೋ ಆಗಿದ್ದವರು, ಇಲ್ಲವೇ ಹಾಸ್ಯದ ಪಾತ್ರ ಮಾಡಿ ಊರನ್ನು ನಗಿಸಿದವರು. ಮರವಾಗಿ ನಿಂತವರು, ಪರದೆ ಎಳೆದವರು ಲೇಖನ ಬರೆದದ್ದನ್ನು ನಾನು ಇನ್ನೂ ಕಂಡಿಲ್ಲ. ಆಟಿಸಂ ಇದ್ದ ಮಕ್ಕಳು ನಮ್ಮ ಶಾಲಾ ನಾಟಕಗಳಲ್ಲಿ ಏನಾಗಿದ್ದರು ಎಂದು ಹುಡುಕುವುದಾದರೆ ಈ ಬರೆಯದವರ ನಡುವೆಯೇ ಹುಡುಕಬೇಕು.

ಹುಡುಕಲು ಹೆಸರಿನ ಆಸರೆಯೂ ಇಲ್ಲ. ಅಂಗವಿಕಲರಿಗಾಗಿ 1995ರಲ್ಲಿ ಬಂದ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿತು, ಅದರಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅದರ ಹೆಸರು ಬಂತು. 21 ವೈಕಲ್ಯಗಳ ದೊಡ್ಡ ಪಟ್ಟಿಯೊಳಗೆ ಸೇರಿದ್ದು 2016ರಲ್ಲಿ. ಈಗ ಸರ್ಕಾರಿ ಕನ್ನಡದಲ್ಲಿ ಅದು ‘ಸ್ವಲೀನತೆ’. ತನ್ನೊಳಗೇ ಲೀನವಾದದ್ದು ಎಂಬ ಅರ್ಥ. ನಟನೊಬ್ಬ ಪಾತ್ರದಲ್ಲಿ ಲೀನನಾದ ಎಂದರೆ ನಮ್ಮಲ್ಲಿ ಹೊಗಳಿಕೆ. ಅದೇ ಲೀನ ಇಲ್ಲಿ ರೋಗಲಕ್ಷಣದಂತೆ ಕೇಳಿಸುತ್ತದೆ.

ಇಂಥ ಮಕ್ಕಳ ಮೊದಲ ಪ್ರಸಿದ್ಧ ವೈದ್ಯಕೀಯ ವರದಿಯಲ್ಲೇ ಬಾಯಿಪಾಠದ ಮಾತು ಬರುತ್ತದೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದರು, 8 ಗಂಡು, 3 ಹೆಣ್ಣು. ಮೊದಲನೆಯವನಾದ ಡೊನಾಲ್ಡ್ ತೀರಾ ಚಿಕ್ಕವನಿದ್ದಾಗಲೇ ಬೈಬಲಿನ 23ನೆಯ ಕೀರ್ತನೆಯನ್ನೂ ಅವರ ಚರ್ಚಿನ 25 ಪ್ರಶ್ನೋತ್ತರಗಳನ್ನೂ ಒಪ್ಪಿಸುತ್ತಿದ್ದ. ಮನೆಯವರಿಗೆ ಹೆಮ್ಮೆ. ಕ್ಯಾನರ್ ಅವರಿಗೆ ಅದು ಇನ್ನೊಬ್ಬರೊಡನೆ ಮಾತಾಡಲು ಒದಗದ ಬರಿಯ ನೆನಪಿನ ಕಸರತ್ತು.

ಆ ಹುಡುಗನನ್ನು ನಮ್ಮ ಹೆಗಡೆಕಟ್ಟಾದ ಜಗುಲಿಯಲ್ಲಿ ಕೂರಿಸಿ ನೋಡಿ. ಸಂಜೆ ದೇವರ ಮುಂದೆ ದೀಪ ಹಚ್ಚಿ ಮಗ್ಗಿ, ತಿಥಿ, ನಕ್ಷತ್ರ, ಸ್ತೋತ್ರ ಎಲ್ಲವನ್ನೂ ಮಕ್ಕಳಿಂದ ಹೇಳಿಸುತ್ತಿದ್ದ ಮನೆಗಳಲ್ಲಿ ಅವನನ್ನು ಡಾಕ್ಟರ ಹತ್ತಿರ ಯಾರು ಕರೆದೊಯ್ಯುತ್ತಿದ್ದರು? ಬಂದ ನೆಂಟರ ಎದುರು ಇನ್ನೊಂದು ಶ್ಲೋಕ ಹೇಳಿಸುತ್ತಿದ್ದರು. ನಮ್ಮಲ್ಲಿ ಕೆಲವು ಮಕ್ಕಳು ಬೈಗುಳದಡಿ ಮರೆಯಾದರೆ ಕೆಲವರು ಹೊಗಳಿಕೆಯಡಿ ಮರೆಯಾದರು. ಮನೆಯಲ್ಲಿ ಮೆಚ್ಚಿಗೆ ಪಡೆದ ಇದೇ ಬಾಯಿಪಾಠವನ್ನು ಶಾಲಾ ನಾಟಕವೂ ಕೇಳುತ್ತಿತ್ತು.

ಇಲ್ಲಿ ನಾಟಕ ಮತ್ತು ತಾಳಮದ್ದಳೆಯ ವ್ಯತ್ಯಾಸ ಮುಖ್ಯ. ತಾಳಮದ್ದಳೆಯಲ್ಲಿ ಪದ್ಯ ಭಾಗವತರದು, ಅರ್ಥ ಅಲ್ಲೇ ಹುಟ್ಟಬೇಕು. ಎದುರಿನವ ಯಾವ ಕಡೆಯಿಂದ ಕೊಕ್ಕೆ ಹಾಕುತ್ತಾನೆಂದು ಗೊತ್ತಿರುವುದಿಲ್ಲ. ನಿತ್ಯದ ಸಂಭಾಷಣೆಯೂ ಹಾಗೆಯೇ. ಶಾಲಾ ನಾಟಕದಲ್ಲಿ ಯಾರ ನಂತರ ಯಾರು ಮಾತಾಡಬೇಕು, ಯಾವಾಗ ಸುಮ್ಮನಿರಬೇಕು, ಎತ್ತ ನೋಡಬೇಕು ಎಲ್ಲವೂ ಮೊದಲೇ ನಿಗದಿ. ಕೆಲವು ಮಕ್ಕಳಿಗೆ ಜನರ ನಡುವೆ ನಿರಾಳವಾಗಿ ಮಾತಾಡಲು ಸಿಕ್ಕ ಜಾಗ ಅದೊಂದೇ ಇದ್ದೀತು.

ಕೆಲವರಿಗೆ ಎನ್ನಲು ಕಾರಣವಿದೆ. ನನಗೆ 24ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ, ಆಟಿಸಂ ಇದೆಯೆಂದು ಗೊತ್ತಾಯಿತು. ನಾಲ್ಕನೇ ಕ್ಲಾಸಿನಲ್ಲಿ ನಾನು ಕಿಂದರಿಜೋಗಿಯ ಇಲಿ. ಕುವೆಂಪು ಅವರ ಆ ಕಥನಕವನ ಶಾಲೆಗಳಿಗೆ ಪ್ರಿಯವಾಗಲು ಒಂದು ಸರಳ ಕಾರಣವೂ ಇದೆ: ಎಷ್ಟು ಮಕ್ಕಳಿದ್ದರೂ ಇಲಿ ಮಾಡಬಹುದು. ಅಡಿಕೆ ಹಾಳೆಯ ಕಿವಿ ಕೆನ್ನೆಗೆ ಒರೆಯುತ್ತಿತ್ತು, ಮೈಕು ಕುಂಯ್‌ಗುಟ್ಟಿದಾಗಲೆಲ್ಲ ಹೊಟ್ಟೆಯೊಳಗೆ ಏನೋ ಹಿಂಡುತ್ತಿತ್ತು. ಆದರೂ ಗೌಡನ ಮಾತು, ಜೋಗಿಯ ಮಾತು ನನ್ನ ತುಟಿಯ ಮೇಲೆ ತಾವಾಗಿ ಓಡುತ್ತಿದ್ದವು. ಮುಂದಿನ ಸಾಲಿನವರು ಅದನ್ನು ಕಂಡು ನಕ್ಕರು. ಮರುವರ್ಷ ಮಾಸ್ತರು ಪುಸ್ತಕ ಕೊಟ್ಟು ಪರದೆಯ ಮರೆಯಲ್ಲಿ ನಿಲ್ಲಿಸಿದರು, ಮರೆತವರಿಗೆ ಮಾತು ಹೇಳಿಕೊಡಲು. ಪುಸ್ತಕ ತೆರೆಯಬೇಕಾಗಿ ಬರಲಿಲ್ಲ. ಆಯಿ ಈಗಲೂ ಹೇಳುತ್ತಾಳೆ, “ಎಲ್ಲರ ಮಾತೂ ಬತ್ತಿತ್ತು ಕೂಸೇ ನಿಂಗೆ, ನೆಂಟರು ಬಂದ್ರೆ ಮಾತ್ರ ಬಾಯೇ ಇಲ್ಲೆ.”

ಇದನ್ನು ವೇದಿಕೆಯಿಂದ ಹೊರಗಿಟ್ಟದ್ದು ಎನ್ನಬಹುದು, ತಕ್ಕ ಜಾಗ ಕೊಟ್ಟದ್ದು ಎಂದೂ ಅನ್ನಬಹುದು. ಅಲ್ಲಿ ಬೆಳಕು ಕಡಿಮೆ, ಮೈಕು ದೂರ, ಕೆಲಸ ಖಚಿತ. ನನಗೆ ಖುಷಿಯಾಗಿತ್ತು. ನನ್ನ ಹಾಗೇ ಇದ್ದ ಇನ್ನೊಬ್ಬರಿಗೆ ಅದೇ ಮರೆ ಅವಮಾನವಾಗಿದ್ದಿರಬಹುದು; ವೇಷ ಕಟ್ಟಿ ರಾಣಿಯಾಗಬೇಕೆಂದು ಅವಳು ರಾತ್ರಿಯಿಡೀ ಕನವರಿಸಿರಬಹುದು. ಗ್ರೂಪ್ ಫೋಟೋ ನೋಡಿ ಇದನ್ನು ತೀರ್ಮಾನಿಸಲು ಬರುವುದಿಲ್ಲ. ಅಲ್ಲಿ ಇಬ್ಬರೂ ಫ್ರೇಮಿನಲ್ಲಿಲ್ಲ.

ಪಾತ್ರವನ್ನು ಹಂತಹಂತವಾಗಿ ಹಂಚುವ ಕ್ರಮ ನಮ್ಮ ಯಕ್ಷಗಾನದಲ್ಲಿತ್ತು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿದು, ಆಮೇಲೆ ಬಾಲಗೋಪಾಲನಾಗಿ, ಮಾತಿನ ವೇಷಕ್ಕೆ ಬರುವುದು ತಡವಾಗಿ. ಮಾತಿಲ್ಲದ ಕುಣಿತಕ್ಕೂ ಅಲ್ಲಿ ಲೆಕ್ಕವಿತ್ತು. ಅದು ಗಂಡುಮಕ್ಕಳ ದಾರಿಯಾಗಿತ್ತು ಅನ್ನುವುದು ಬೇರೆ ಮಾತು. ದೂರದ ವಿಯೆನ್ನಾದಲ್ಲೂ, ಹಾನ್ಸ್ ಆಸ್ಪರ್ಗರ್ ಇದ್ದ ಮಕ್ಕಳ ಚಿಕಿತ್ಸಾ ವಿಭಾಗದಲ್ಲಿ, ವಿಕ್ಟೋರಿನ್ ಜಾಕ್ ಎಂಬ ದಾದಿ ಸಂಗೀತ, ಲಯ, ಆಟದ ಮೂಲಕ ಇಂಥ ಮಕ್ಕಳನ್ನು ಒಟ್ಟಿಗೆ ತರುತ್ತಿದ್ದಳು. 1944ರ ಬಾಂಬ್ ದಾಳಿಯಲ್ಲಿ ಆಕೆ ಸತ್ತಳು. ಜಗತ್ತಿಗೆ ಗೊತ್ತಾದದ್ದು ಅದೇ ವರ್ಷ ಆಸ್ಪರ್ಗರ್ ವಿವರಿಸಿದ ನಾಲ್ವರು ಹುಡುಗರು. ಅವರಲ್ಲಿ ಹುಡುಗಿಯರಿಲ್ಲ. ಗುಂಪಿನ ಅಂಚಿನಲ್ಲಿ ಅಕ್ಕಪಕ್ಕದವರನ್ನು ನೋಡಿ ನಗುವುದನ್ನು ಕಲಿತ ಹೆಣ್ಣುಮಕ್ಕಳು ಎಷ್ಟೋ ದಶಕ ಲೆಕ್ಕಕ್ಕೆ ಸಿಗದಿರಲು ಇಂಥ ವರದಿಗಳ ಪಾಲೂ ಇದೆ.

ಡೊನಾಲ್ಡ್ ಮುಂದೆ ಕಾಲೇಜಿಗೆ ಹೋದ, ಅಲ್ಲಿ ವಾದ್ಯವಿಲ್ಲದ ಗಾಯನ ತಂಡದಲ್ಲಿ ಹಾಡಿದ. ತಂಡದ ಗುರು ಶ್ರುತಿ ಹಿಡಿಯಲು ಪೀಪಿ ಊದುತ್ತಿರಲಿಲ್ಲವಂತೆ, ಬೇಕಾದ ಸ್ವರವನ್ನು ನೇರ ಡೊನಾಲ್ಡನಿಂದಲೇ ಕೇಳಿ ಪಡೆಯುತ್ತಿದ್ದನಂತೆ. 89 ವರ್ಷ ಬದುಕಿ ಅವನು 2023ರಲ್ಲಿ ತೀರಿಕೊಂಡ.

ಈಚೆಗೆ ಹಳೆಯ ವಿದ್ಯಾರ್ಥಿಗಳ ಸಂದರ್ಶನಕ್ಕೆ ಹೋದಾಗ ನನ್ನ ಪ್ರಶ್ನೆ ಬದಲಾಗಿದೆ. ಯಾವ ಪಾತ್ರ ಮಾಡಿದ್ದಿರಿ ಎಂದರೆ ಕೆಲವರು ‘ಎಂತದೂ ಇಲ್ಲೆ’ ಎಂದು ಕವಳದ ಬಟ್ಟಲು ಮುಂದೆ ಸರಿಸುತ್ತಾರೆ. ಯಾರ ಯಾರ ಮಾತು ನಿಮಗೆ ಬಾಯಿಪಾಠವಿತ್ತು ಎಂದು ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಗಳದ ಕಡೆ ನೋಡುತ್ತ, ಮೊದಲ ದೃಶ್ಯದಿಂದ ಶುರುಮಾಡುತ್ತಾರೆ.