ಗಂಟುವಾತ: ನೋವು, ನಿದ್ದೆ, ವ್ಯಾಯಾಮ ಮತ್ತು ರಮಝಾನ್ ಉಪವಾಸ

ಬೆಳಗ್ಗೆ ಎದ್ದ ಕೂಡಲೇ ಬೆರಳು ಮಡಚಲು ಆಗುವುದಿಲ್ಲ. ಸುಬ್ಹಿಗೆ ವುಝೂ ಮಾಡುವಾಗ ನಲ್ಲಿ ತಿರುಗಿಸಲೂ ಕಷ್ಟ. ಹತ್ತು ಗಂಟೆಯ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ನಮ್ಮಲ್ಲಿ ಇದನ್ನು ‘ವಾತ’ ಎಂದು ಹೇಳಿ ಎಣ್ಣೆ ತಿಕ್ಕಿ ಸುಮ್ಮನಾಗುವವರೇ ಹೆಚ್ಚು. ಆದರೆ ಎರಡೂ ಕೈಗಳ ಬೆರಳು, ಮಣಿಕಟ್ಟು ಊದಿಕೊಂಡು, ಆರು ವಾರವಾದರೂ ಬಿಗಿತ ಹೋಗದಿದ್ದರೆ ಅದು ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪದರದ ಮೇಲೆ ದಾಳಿ ಮಾಡುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದಾಗುವುದಿಲ್ಲ.

ನೋವಿನ ಮಾತ್ರೆ ನೋವನ್ನು ಕಡಿಮೆ ಮಾಡುತ್ತದೆ ಅಷ್ಟೇ, ಕೀಲು ಸವೆಯುವುದನ್ನು ನಿಲ್ಲಿಸುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು; ಅಷ್ಟರೊಳಗೆ ‘ಇದು ಆಗುವುದಿಲ್ಲ’ ಎಂದು ಬಿಡುವವರು ತುಂಬಾ. ಇದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ತೆಗೆದುಕೊಂಡರೆ ಬಾಯಿಹುಣ್ಣಾಗಿ, ರಕ್ತಕಣ ಇಳಿದು ಜೀವಕ್ಕೇ ಅಪಾಯ. ಶುಕ್ರವಾರ ಎಂದು ಗೊತ್ತು ಮಾಡಿಕೊಂಡರೆ ಜುಮಾದ ಜೊತೆ ಅದೂ ನೆನಪಿರುತ್ತದೆ. ಗರ್ಭಿಣಿಯರಿಗೆ ಇದು ಕೂಡದು. ಮಗು ಬೇಕೆನ್ನುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ಲೇಬಲ್ ಇಲ್ಲದ ‘ಗಂಟುನೋವಿನ ಪುಡಿ’ ಎರಡೇ ದಿನದಲ್ಲಿ ಹಾರಿ ಓಡಾಡುವಂತೆ ಮಾಡಿದರೆ ಅದರಲ್ಲಿ ಸ್ಟೆರಾಯ್ಡ್ ಇದೆಯೇ ಎಂದು ಸಂಶಯಪಡಬೇಕು. ವ್ಯಾಪಾರ ಮಾಡುವವನಾಗಿ ಹೇಳುತ್ತೇನೆ, ಬಿಲ್ ಕೊಡದ ಮದ್ದು ಬೇಡ.

ನೋವಿನಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮರುದಿನ ಅದೇ ನೋವು ಜಾಸ್ತಿ ಅನಿಸುತ್ತದೆ. ಡಾಕ್ಟರ್ ಸ್ಟೆರಾಯ್ಡ್ ಕೊಟ್ಟಿದ್ದರೆ ಅದನ್ನು ಸಾಮಾನ್ಯವಾಗಿ ಬೆಳಗ್ಗೆ ತಿಂಡಿಯ ನಂತರ ತೆಗೆದುಕೊಳ್ಳುವುದು. ರಾತ್ರಿ ತೆಗೆದುಕೊಂಡರೆ ನಿದ್ದೆ ಬಾರದು. ಮೊಣಕಾಲಿನ ಅಡಿಗೆ ದಿಂಬು ಇಟ್ಟು ಮಲಗಿದರೆ ಹಾಯೆನಿಸುತ್ತದೆ, ಆದರೆ ರೂಢಿಯಾದರೆ ಕಾಲು ಮಡಚಿದಲ್ಲೇ ಬಿಗಿಯುತ್ತದೆ. ಹಳೆಯ ಕಾಯಿಲೆಯವರಿಗೆ ಕುತ್ತಿಗೆಯ ಮೇಲಿನ ಕೀಲು ಸಡಿಲವಾಗಿರಬಹುದು. ಸೆಲೂನಿನಲ್ಲಿ ಕುತ್ತಿಗೆ ಲಟಕ್ಕನೆ ಮುರಿಸಿಕೊಳ್ಳುವುದು ಬೇಡವೇ ಬೇಡ.

‘ನೋವಿದೆ, ಅಲ್ಲಾಡಬೇಡ’ ಎಂಬುದು ಹಳೆಯ ಮಾತು. ಊದಿ ಬಿಸಿಯಾದ ಕೀಲಿಗೆ ಭಾರ ಕೊಡಬಾರದು, ಮೆಲ್ಲಗೆ ಮಡಚಿ ಬಿಡಿಸಿದರೆ ಸಾಕು. ಉಳಿದ ದಿನ ನಡೆಯಲೇಬೇಕು. ಹತ್ತು ನಿಮಿಷದಿಂದ ಶುರು ಮಾಡಿ ವಾರಕ್ಕೆ 150 ನಿಮಿಷದತ್ತ ಹೋಗಬಹುದು. ನಡೆದ ಮೇಲೆ ನೋವು ಎರಡು ಗಂಟೆ ಮೀರಿ ಉಳಿದರೆ ಮರುದಿನ ಕಡಿಮೆ ಮಾಡಿ. ಬೆಳಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿ ಬೆರಳು ಆಡಿಸಿದರೆ ಬಿಗಿತ ಬೇಗ ಬಿಡುತ್ತದೆ. ಸುಜೂದ್‌ಗೆ ಮಣಿಕಟ್ಟು ಬಾಗದಿದ್ದರೆ ಕುರ್ಚಿಯಲ್ಲಿ ನಮಾಝ್ ಮಾಡಲು ಅವಕಾಶವಿದೆ, ನಾಚಿಕೆ ಯಾಕೆ?

ರಮಝಾನ್‌ಗೆ ಮುಂಚೆ, ಶಅಬಾನ್‌ನಲ್ಲೇ ಡಾಕ್ಟರನ್ನು ಕಾಣಬೇಕು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಇಫ್ತಾರ್ ನಂತರ ತೆಗೆದುಕೊಳ್ಳಬಹುದು, ಹಾಗಾಗಿ ಉಪವಾಸಕ್ಕಾಗಿ ಅದನ್ನು ಬಿಡಬೇಕಾಗಿಲ್ಲ. ಸ್ಟೆರಾಯ್ಡ್ ಹಠಾತ್ತನೆ ನಿಲ್ಲಿಸುವುದು ಅಪಾಯ. ಸಹರಿಗೆ ಬದಲಿಸಬಹುದೇ ಎಂದು ಕೇಳಿ. ನೀರು ಕಡಿಮೆಯಾದ ದೇಹಕ್ಕೆ ನೋವಿನ ಮಾತ್ರೆ ಬಿದ್ದರೆ ಕಿಡ್ನಿಗೆ ಪೆಟ್ಟು. ರೋಗಿಗಳು ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿಯನ್ನು ಕುರ್‌ಆನ್ (2:185) ಕೊಟ್ಟಿದೆ. ಉಪವಾಸ ಹಿಡಿದವರು ತರಾವೀಹ್ ಮತ್ತು ಸಹರಿಯ ನಡುವೆ ಕಳೆದುಹೋದ ನಿದ್ದೆಯನ್ನು ಝುಹರ್ ನಂತರ ಅರ್ಧ ಗಂಟೆ ಮಲಗಿ ಸ್ವಲ್ಪವಾದರೂ ತುಂಬಿಕೊಳ್ಳಬಹುದು.